"ಜೀವ ಉಳೀತಲ್ಲ, ಇನ್ನೇನು ಬೇಕು?" ಸ್ತನ ಕ್ಯಾನ್ಸರ್ ಆಪರೇಷನ್ ಆದವರು ಇದಕ್ಕೆ ಏನು ಹೇಳ್ತೀರಿ?

ಬೇವಿನಮರ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಪ್ರೈಮರಿ ಶಾಲೆ ಟೀಚರ್. ಹೋದ ವರ್ಷ ಎಡಗಡೆ ಸ್ತನ ಪೂರ್ತಿ ತೆಗೆದರು. ಕೀಮೋ, ರೇಡಿಯೇಷನ್ ಮುಗಿದಿದೆ. ಈಗ ಕಾಯಿಲೆ ವಾಪಸ್ ಬರದಿರಲಿ ಅಂತ ಟಾಮಾಕ್ಸಿಫೆನ್ ಅನ್ನೋ ಹಾರ್ಮೋನ್ ಮಾತ್ರೆ ನಡೀತಿದೆ. ರಿಪೋರ್ಟ್ ಚೆನ್ನಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ.

ಕಾಯಿಲೆ ಬಗ್ಗೆ ಕೇಳೋಕೆ ಬಂದಿಲ್ಲ. ಅದನ್ನು ನೋಡಿಕೊಳ್ಳೋಕೆ ಡಾಕ್ಟರ್ ಇದ್ದಾರೆ. ಉಳಿದದ್ದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗುತ್ತಿಲ್ಲ.

ಸ್ನಾನ ಮಾಡುವಾಗ ಕೆಳಗೆ ನೋಡಲ್ಲ. ಸೋಪು ಹಚ್ಚುವಾಗ ಕೈ ಅಲ್ಲಿಗೆ ಹೋದರೆ ಬೇಗ ತೆಗೆದುಬಿಡುತ್ತೇನೆ. ಹಳೆ ಬ್ಲೌಸ್ ಯಾವುದೂ ಕೂರುತ್ತಿಲ್ಲ. ಒಂದು ಕಡೆ ಬಟ್ಟೆ ಸುಕ್ಕುಗಟ್ಟಿ ನಿಲ್ಲುತ್ತೆ. ಸೆರಗನ್ನು ಎಷ್ಟು ಅಗಲ ಮಾಡಿ ಪಿನ್ ಹಾಕಿದರೂ ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದಾಗ ಎಡಪಕ್ಕ ಕಾಣುತ್ತೆ. ಮಕ್ಕಳು ನೋಡ್ತಾರೋ ಇಲ್ವೋ, ನನಗಂತೂ ಎಲ್ಲರೂ ಅಲ್ಲೇ ನೋಡ್ತಿದ್ದಾರೆ ಅನ್ನಿಸುತ್ತೆ. ಮುಂದಿನ ತಿಂಗಳು ಗುಬ್ಬಿಯಲ್ಲಿ ಅಣ್ಣನ ಮಗಳ ಮದುವೆ. ಹೋಗದೆ ಇರೋಕೆ ಏನು ನೆಪ ಹೇಳಲಿ ಅಂತ ಈಗಲೇ ಯೋಚಿಸ್ತಿದ್ದೇನೆ.

ಬಾಯಿಬಿಟ್ಟು ಹೇಳಿದರೆ ಎಲ್ಲರದ್ದೂ ಒಂದೇ ಮಾತು. ಜೀವ ಉಳೀತಲ್ಲ, ಇನ್ನೇನು ಬೇಕು? ನಮ್ಮಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. "ಮಕ್ಕಳಿಗೆ ಹಾಲು ಕುಡಿಸಿ ಆಯ್ತು, ಇನ್ನು ಅದು ಇದ್ದರೇನು ಬಿಟ್ಟರೇನು" ಅಂದರು. ನಾನೇನೂ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ.

ಯಜಮಾನರು ಒಳ್ಳೆಯವರು. ಆದರೂ ಗೋಡೆ ಕಡೆ ತಿರುಗಿ ಮಲಗುವುದು ನನಗೇ ಅಭ್ಯಾಸವಾಗಿಬಿಟ್ಟಿದೆ.

ಇದೆಲ್ಲ ಎಲ್ಲರಿಗೂ ಆಗುತ್ತಾ, ಅಥವಾ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನಾ? ಒಳಗೆ ಹಾಕುವ ಪ್ಯಾಡ್, ಬ್ಲೌಸ್ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬಂಗಾರಪೇಟೆ ಅಕ್ಕ

ತಂಗೀ, ನನಗೆ ಆಪರೇಷನ್ ಆಗಿ ಹತ್ತು ವರ್ಷ ದಾಟಿತು. ನೀನು ಬರೆದ ಒಂದೊಂದು ಸಾಲೂ ನನಗೆ ಗೊತ್ತು.

ನಿಮ್ಮಮ್ಮ ಕನ್ನಡದಲ್ಲಿ ಅಂದಿದ್ದನ್ನು ನಮ್ಮತ್ತೆ ತೆಲುಗಿನಲ್ಲಿ ಅಂದಿದ್ದರು. ಇಬ್ಬರಿಗೂ ಕೆಟ್ಟ ಮನಸ್ಸಿಲ್ಲ. ಸಮಾಧಾನ ಮಾಡೋಕೆ ಅವರಿಗೆ ಬೇರೆ ಮಾತು ಗೊತ್ತಿಲ್ಲ, ಅಷ್ಟೇ. ಆದರೆ ಎದೆ ಇರೋದು ಮಗುವಿಗೋಸ್ಕರ ಮಾತ್ರ ಅಂತ ಯಾರು ಹೇಳಿದ್ದು? ಹುಟ್ಟಿದಾಗಿನಿಂದ ಇದ್ದ ಮೈ. ಒಂದು ಭಾಗ ಹೋದರೆ ದುಃಖ ಆಗದೆ ಇರುತ್ತಾ? ಜೀವ ಉಳಿದದ್ದಕ್ಕೆ ಸಂತೋಷ ಪಡು, ಹೋದದ್ದಕ್ಕೆ ಅಳು. ಎರಡಕ್ಕೂ ಜಾಗ ಇದೆ.

ನನಗೆ ಎದೆಗಿಂತ ಕೂದಲು ಹೋದಾಗಲೇ ಜಾಸ್ತಿ ಸಂಕಟವಾಗಿತ್ತು. ಕೆಂಪು ಬಣ್ಣದ ಕೀಮೋ ಔಷಧಿ ಹಾಕಿ ಎರಡು ಮೂರು ವಾರಕ್ಕೆ ದಿಂಬಿನ ತುಂಬಾ ಕೂದಲು. ನಮ್ಮ ಕಡೆ ಬೋಳು ತಲೆಯ ಹೆಂಗಸನ್ನು ಕಂಡರೆ ಜನಕ್ಕೆ ಎರಡೇ ಯೋಚನೆ ಬರುತ್ತೆ. ಒಂದು, ತಿರುಪತಿಗೆ ಮುಡಿ ಕೊಟ್ಟು ಬಂದಿದ್ದಾಳೆ. ಇನ್ನೊಂದನ್ನು ಬಾಯಿಬಿಟ್ಟು ಹೇಳಲ್ಲ, ಕಣ್ಣು ಸೀದಾ ಕುತ್ತಿಗೆಯ ತಾಳಿ ಕಡೆ ಹೋಗುತ್ತೆ. ಬಸ್ಸಿನಲ್ಲಿ ಒಬ್ಬರು "ದರ್ಶನ ಚೆನ್ನಾಗಾಯ್ತಾ" ಅಂತ ಕೇಳಿದರು. "ತುಂಬಾ ಚೆನ್ನಾಗಾಯ್ತು, ರೂಮೂ ಬೇಗ ಸಿಕ್ತು" ಅಂದೆ. ಲಡ್ಡು ಕೇಳಿದರು. ಮನೆಗೆ ಕೊಟ್ಟು ಬಂದೆ ಅಂದೆ! ಇಳಿದ ಮೇಲೆ ಯಜಮಾನರೂ ನಾನೂ ಬಸ್ ಸ್ಟ್ಯಾಂಡಿನಲ್ಲೇ ನಿಂತು ನಕ್ಕಿದ್ದೇ ನಕ್ಕಿದ್ದು. ಆ ಸಲದ ಕೀಮೋದಲ್ಲಿ ನಕ್ಕಿದ್ದು ಅದೊಂದೇ ದಿನ ಇರಬೇಕು.

ಕೀಮೋ ಮುಗಿದು ಕೆಲವು ತಿಂಗಳಿಗೆ ಕೂದಲು ಬಂತು. ಮೊದಲು ನೆಟ್ಟಗೆ ಇದ್ದದ್ದು ಈಗ ಕುರಿಮರಿ ತುಪ್ಪಟದ ಹಾಗೆ ಗುಂಗುರು. ನಿಧಾನಕ್ಕೆ ಸರಿಹೋಯಿತು.

ಪ್ಯಾಡ್ ವಿಷಯಕ್ಕೆ ಬಂದರೆ, ನಾನು ಮೊದಲು ಹಳೆ ಬ್ರಾ ಒಳಗೆ ಹತ್ತಿ ತುಂಬಿಕೊಳ್ಳುತ್ತಿದ್ದೆ. ಅದು ಹಗುರ. ಮಧ್ಯಾಹ್ನದ ಹೊತ್ತಿಗೆ ಮೇಲಕ್ಕೆ ಏರಿ ಕುತ್ತಿಗೆ ಹತ್ತಿರ ಬಂದು ಕೂರುತ್ತೆ. ಇಲ್ಲಿ ಒಬ್ಬರು ಟೈಲರ್ ಇದ್ದಾರೆ, ಅವರು ಹೇಳಲಿ.

ಮದುವೆಗೆ ಮಾತ್ರ ಹೋಗು.

ಶುಭಚಿಂತಕ (ಕೋಲಾರ)

ಮೇಡಂ, ಇಂಥದ್ದನ್ನೆಲ್ಲ ಯೋಚನೆ ಮಾಡಲೇಬಾರದು. ಅತ್ತರೆ, ಕೊರಗಿದರೆ ಕಾಯಿಲೆ ವಾಪಸ್ ಬರುತ್ತೆ. ಯಾವಾಗಲೂ ಪಾಸಿಟಿವ್ ಆಗಿರಿ, ಕ್ಯಾನ್ಸರ್ ಹತ್ತಿರ ಸುಳಿಯಲ್ಲ. ನಮ್ಮ ಕಡೆ ಒಬ್ಬರು ಎಲೆ ಕಷಾಯ ಕೊಡ್ತಾರೆ, ಬೇಕಾದರೆ ತಿಳಿಸ್ತೇನೆ.

ವಾರ್ಡ್ ಸಿಸ್ಟರ್ (ಕೋಲಾರ)

ಶುಭಚಿಂತಕ ಅವರೇ, ಒಳ್ಳೆ ಉದ್ದೇಶದಿಂದಲೇ ಬರೆದಿದ್ದೀರಿ. ಆದರೆ ಅತ್ತರೆ ಕ್ಯಾನ್ಸರ್ ವಾಪಸ್ ಬರುತ್ತೆ ಅನ್ನೋದು ಸುಳ್ಳು. ಈ ಮಾತು ಕೇಳಿ ಎಷ್ಟೋ ಹೆಂಗಸರು ಅಳೋಕೂ ಹೆದರುತ್ತಾರೆ. ಆಮೇಲೆ ಕಾಯಿಲೆ ಮರುಕಳಿಸಿದರೆ "ನಾನೇ ಧೈರ್ಯ ಸಾಲದೆ ತಂದುಕೊಂಡೆ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಕಷಾಯದ ವಿಷಯ ಇಲ್ಲಿ ಬೇಡ. ಮಾತ್ರೆ ತಗೊಳ್ಳುವವರು ಬೇರೆ ಏನೇ ಕುಡಿಯುವ ಮುಂಚೆ ಡಾಕ್ಟರಿಗೆ ಹೇಳಬೇಕು.

ಬೇವಿನಮರ ಟೀಚರ್, ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ನಿಮಗೆ ಆಗ್ತಿರೋದು ಬಹಳ ಜನಕ್ಕೆ ಆಗುತ್ತೆ. ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಲ್ಲಿ ಒಂದು ವರ್ಷಕ್ಕೆ ಹತ್ತಿರ ಹತ್ತಿರ 1.9 ಲಕ್ಷ ಹೊಸ ಪ್ರಕರಣ. ಅಷ್ಟು ಜನರ ಮನೆಯಲ್ಲೂ ಒಂದು ಕನ್ನಡಿ ಇರುತ್ತೆ ಅಲ್ವಾ?

ಚಿಕಿತ್ಸೆ ನಡೆಯುವಾಗ ಬಹಳ ಜನ ಗಟ್ಟಿಯಾಗಿಯೇ ಇರುತ್ತಾರೆ. ಇವತ್ತು ರಕ್ತ ಪರೀಕ್ಷೆ, ನಾಳೆ ಕೀಮೋ ಅಂತ ಓಡಾಟ. ಎಲ್ಲ ಮುಗಿದು, ಊಟ ತಂದುಕೊಡುತ್ತಿದ್ದವರು ಬರೋದು ನಿಂತ ಮೇಲೆ ದುಃಖ ಶುರುವಾಗುತ್ತೆ. ಮನೆಯವರಿಗೆ ಇದು ಅರ್ಥವಾಗಲ್ಲ. "ಎಲ್ಲ ಮುಗೀತಲ್ಲ, ಈಗ್ಯಾಕೆ ಅಳ್ತೀಯ" ಅಂತಾರೆ.

ಮಾತ್ರೆಯ ಪಾಲೂ ಇದೆ. ಟಾಮಾಕ್ಸಿಫೆನ್‌ನಿಂದ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು ಸಾಮಾನ್ಯ. ಕೆಲವರಿಗೆ ಮನಸ್ಸೂ ಏರುಪೇರಾಗುತ್ತೆ. ಕೀಮೋದಿಂದ ಮುಟ್ಟು ಮುಂಚೆಯೇ ನಿಂತಿದ್ದರೆ ಇನ್ನೂ ಜಾಸ್ತಿ. ಹಾಗಂತ ಮಾತ್ರೆ ನಿಲ್ಲಿಸಬೇಡಿ. ಅದು 5 ವರ್ಷ, ಕೆಲವರಿಗೆ 10 ವರ್ಷ ಬೇಕಾಗುತ್ತೆ. ತೊಂದರೆಯನ್ನು ಡಾಕ್ಟರಿಗೆ ಹೇಳಿ, ದಾರಿ ಇದೆ.

ಒಂದು ಮುಖ್ಯ ವಿಷಯ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತೆ ಅಂದರೆ ಅದಕ್ಕೆ ಚಿಕಿತ್ಸೆ ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗೂ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಚೆಕಪ್‌ಗೆ ಹೋಗುವವರಿಗೆ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ.

ಮನೋವೈದ್ಯರ ಹತ್ತಿರ ಹೋದಾಗ ಟಾಮಾಕ್ಸಿಫೆನ್ ತಗೊಳ್ತಿದ್ದೇನೆ ಅಂತ ತಪ್ಪದೆ ಹೇಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಪ್ಯಾರಾಕ್ಸಿಟಿನ್, ಫ್ಲುಯಾಕ್ಸಿಟಿನ್ ಅಂಥವು, ಟಾಮಾಕ್ಸಿಫೆನ್ ದೇಹದಲ್ಲಿ ಸರಿಯಾಗಿ ಕೆಲಸ ಮಾಡೋಕೆ ಅಡ್ಡ ಬರುತ್ತವೆ. ಬೇರೆ ಮಾತ್ರೆಗಳಿವೆ, ಅವರು ಬದಲಾಯಿಸಿ ಕೊಡುತ್ತಾರೆ.

ಸೂಜಿದಾರ (ತಿಪಟೂರು)

ಅಕ್ಕ ಕರೆದರು, ಬಂದೆ. ನಾನು ಹೆಂಗಸರ ಬ್ಲೌಸ್ ಹೊಲಿಯುವವಳು. ನಮ್ಮ ಚಿಕ್ಕಮ್ಮನಿಗೆ ಇದೇ ಆಪರೇಷನ್ ಆದಾಗ ಹೊಲಿಯೋಕೆ ಶುರು ಮಾಡಿದ್ದು. ಈಗ ಬೇರೆಯವರೂ ಬರ್ತಾರೆ. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೋಬೇಡಿ.

ಟೀಚರ್, ನಿಮ್ಮ ಹಳೆ ಬ್ಲೌಸ್ ಕೂರದೆ ಇರೋಕೆ ಕಾರಣ ಡಾರ್ಟ್. ಎದೆಯ ಉಬ್ಬಿಗೆ ಅಂತ ಹಿಡಿದ ಡಾರ್ಟ್ ಎಡಗಡೆ ಖಾಲಿ ಉಳಿಯುತ್ತೆ, ಅದಕ್ಕೇ ಸುಕ್ಕು. ಎಷ್ಟೋ ಟೈಲರ್‌ಗಳು ಆ ಕಡೆ ಬಟ್ಟೆ ಒಳಗೆ ಹಿಡಿದು ಟೈಟ್ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಕುತ್ತಿಗೆ ಒಂದು ಕಡೆಗೆ ಎಳೆಯುತ್ತೆ, ಹೆಗಲು ಜಾರುತ್ತೆ. ಮೊದಲು ಪ್ಯಾಡ್ ತೀರ್ಮಾನ ಆಗಬೇಕು, ಆಮೇಲೆ ಬ್ಲೌಸ್.

ಪ್ಯಾಡ್‌ನಲ್ಲಿ ಮೂರು ಥರ ನೋಡಿದ್ದೇನೆ. ಸಿಲಿಕಾನ್‌ದು ನಿಜವಾದ್ದರ ಹಾಗೇ ತೂಕ ಇರುತ್ತೆ, ಬೆಲೆ ಜಾಸ್ತಿ, ಬೇಸಿಗೆಯಲ್ಲಿ ಒಳಗೆ ಬೆವರುತ್ತೆ. ದಿನಾ ತೊಳೆದು ಒರೆಸಿ ಇಡಬೇಕು, ಪಿನ್ನು ತಾಗಬಾರದು. ಎರಡನೆಯದು ಹತ್ತಿ ನೂಲಿನಲ್ಲಿ ಹೆಣೆದದ್ದು. ಹಗುರ, ಮೆತ್ತಗೆ, ಒಗೆಯಬಹುದು. ಇದನ್ನು ಸ್ವಯಂಸೇವಕರು ಹೆಣೆದು ಪುಕ್ಕಟೆ ಕೊಡುವುದೂ ಉಂಟು, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಮೂರನೆಯದು ನಮ್ಮಂಥವರು ಹೊಲಿದು ಕೊಡುವುದು.

ನಾನು ಮಾಡುವ ರೀತಿ ಹೀಗೆ. ಮಲ್ ಬಟ್ಟೆಯಲ್ಲಿ ಎರಡು ಪದರದ ಚೀಲ. ಆಕಾರ ದುಂಡಗಲ್ಲ, ಬಗಲ ಕಡೆಗೆ ಸ್ವಲ್ಪ ಬಾಲ ಬಿಡಬೇಕು. ಆಪರೇಷನ್‌ನಲ್ಲಿ ಬಗಲ ಗಂಟುಗಳನ್ನೂ (ಲಿಂಫ್ ಗ್ರಂಥಿಗಳು) ತೆಗೆದಿರುವುದರಿಂದ ಅಲ್ಲೂ ಗುಳಿ ಬಿದ್ದಿರುತ್ತೆ. ದುಂಡಗಿನ ಪ್ಯಾಡ್ ಹಾಕಿದರೆ ಆ ಗುಳಿ ಹಾಗೇ ಕಾಣುತ್ತೆ. ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿ, ತಳಭಾಗದಲ್ಲಿ ಚಿಕ್ಕ ಚೀಲದಲ್ಲಿ ಗಾಜಿನ ಮಣಿ ಇಟ್ಟು ಹೊಲಿಯುತ್ತೇನೆ. ಮೇಲಕ್ಕೆ ಏರಲ್ಲ. ಕೆಲವರು ಸಾಸಿವೆ, ರಾಗಿ ತುಂಬುತ್ತಾರೆ. ಬೆವರಿಗೆ ಮುಗ್ಗಲು ಹಿಡಿದು ಹುಳ ಬರುತ್ತೆ. ಬೇಡ.

ಬ್ರಾ ಒಳಗೆ ಪ್ಯಾಡ್‌ಗೆ ಜೇಬು ಹೊಲಿಸಿ. ಹೆಗಲಪಟ್ಟಿ ಅಗಲ ಇರಲಿ. ಬ್ಲೌಸ್‌ಗೆ ಹುಕ್ ಮುಂದೆಯೇ ಇರಲಿ, ಕೈ ಹಿಂದಕ್ಕೆ ಹೋಗೋದು ಕಷ್ಟ. ಬಗಲ ಹತ್ತಿರದ ಹೊಲಿಗೆ ಒತ್ತಬಾರದು, ಅಲ್ಲಿ ಮರಗಟ್ಟಿದ ಹಾಗಿರುತ್ತೆ, ಉಜ್ಜಿ ಗಾಯವಾದರೂ ಗೊತ್ತಾಗಲ್ಲ. ಎಡಗೈ ತೋಳು ಬಲಗೈಗಿಂತ ಅರ್ಧ ಇಂಚು ಸಡಿಲ.

ಎಡಗಡೆ ಆಪರೇಷನ್ ಆದವರಿಗೆ ಸೆರಗಿನ ಕಷ್ಟ ಜಾಸ್ತಿ ಅನ್ನೋದು ನಿಜ. ಸೆರಗು ಎಡ ಹೆಗಲಿಗೇ ಹೋಗೋದರಿಂದ ಪಕ್ಕದ ಭಾಗ ತೆರೆದೇ ಇರುತ್ತೆ. ಬ್ಲೌಸ್ ಉದ್ದ ಎರಡು ಇಂಚು ಜಾಸ್ತಿ ಇಟ್ಟು, ಪಕ್ಕಕ್ಕೆ ದಪ್ಪ ಲೈನಿಂಗ್ ಕೊಟ್ಟರೆ ಕೈ ಎತ್ತಿದರೂ ಆಕಾರ ಕೆಡಲ್ಲ. ತೆಳು ಶಿಫಾನ್ ಸೀರೆಗಿಂತ ಕಾಟನ್, ಮೈಸೂರು ಸಿಲ್ಕ್ ಚೆನ್ನಾಗಿ ನಿಲ್ಲುತ್ತೆ.

ಕಲ್ಲಂಗಡಿ (ಶಿರಾ)

ಅಕ್ಕಾ ಇದನ್ನು ಸೇವ್ ಮಾಡಿಟ್ಟುಕೊಂಡೆ. ನಮ್ಮ ದೊಡ್ಡಮ್ಮ ಮೂರು ವರ್ಷದಿಂದ ಕರ್ಚೀಫ್ ಮಡಿಸಿ ಇಟ್ಟುಕೊಳ್ಳುತ್ತಿದ್ದಾರೆ. ಯಾರೂ ಏನೂ ಹೇಳಿಕೊಟ್ಟಿಲ್ಲ.

ಬಯಲುಗಾಳಿ (ಪಾವಗಡ)

ನಾನು ಸ್ವಲ್ಪ ಬೇರೆ ಮಾತು ಹೇಳ್ತೇನೆ. ನಾನು ಏನೂ ಹಾಕಲ್ಲ. ಒಂದು ಕಡೆ ಇದೆ, ಒಂದು ಕಡೆ ಇಲ್ಲ. ನಮ್ಮೂರ ಬಿಸಿಲಿಗೆ ಪ್ಯಾಡ್ ಕಟ್ಟಿಕೊಂಡು ಹೊಲದಲ್ಲಿ ಕಡಲೆಕಾಯಿ ಕೀಳೋಕೆ ಆಗುತ್ತಾ? ಮೊದಮೊದಲು ನೋಡಿದರು. ಆಮೇಲೆ ಅವರಿಗೂ ಬೇಜಾರಾಯಿತು, ಬಿಟ್ಟರು.

ಎಲ್ಲರೂ ಪ್ಯಾಡ್, ಬ್ರಾ ಅಂತ ಬರೆಯುವಾಗ ಅದು ಹಾಕಲೇಬೇಕೇನೋ ಅನ್ನಿಸಿಬಿಡುತ್ತೆ. ಹಾಕದೆ ಇರುವವರೂ ಇದ್ದೇವೆ ಅಂತ ಗೊತ್ತಿರಲಿ. ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ "ಆಂಟಿ, ಹೊರಗೆ ಹೋಗುವಾಗಲಾದರೂ ಹಾಕ್ಕೊಳ್ಳಿ, ನೋಡುವವರಿಗೆ ಒಂಥರಾ ಆಗುತ್ತೆ" ಅಂದಳು. ನೋಡುವವರ ಕಷ್ಟಕ್ಕೆ ನಾನ್ಯಾಕೆ ಬೆವರಲಿ?

ವಾರ್ಡ್ ಸಿಸ್ಟರ್ (ಕೋಲಾರ)

ಬಯಲುಗಾಳಿ ಅವರೇ, ನೂರಕ್ಕೆ ನೂರು ಒಪ್ಪಿದೆ. ಒಂದೇ ಒಂದು ಸೇರಿಸ್ತೇನೆ. ಉಳಿದ ಸ್ತನ ಭಾರ ಇರುವವರಿಗೆ ಒಂದು ಕಡೆಗೆ ವಾಲಿ ಕುತ್ತಿಗೆ, ಬೆನ್ನು ನೋವು ಬರಬಹುದು. ಅಂಥವರಿಗೆ ತೂಕದ ಪ್ಯಾಡ್ ಹಾಕಿದರೆ ಆರಾಮ. ನೋವಿಲ್ಲ ಅಂದರೆ ನಿಮ್ಮಿಷ್ಟ.

ಏಕಶಿಲೆ (ಮಧುಗಿರಿ)

ನಾನು ಗಂಡಸು. ಇಲ್ಲಿ ಬರೆಯಬಹುದೋ ಇಲ್ಲವೋ. ತಪ್ಪು ಅನ್ನಿಸಿದರೆ ತೆಗೆದುಬಿಡಿ.

ನನ್ನ ಹೆಂಡತಿಗೆ 39. ಆಪರೇಷನ್ ಆಗಿ ಮನೆಗೆ ಬಂದಾಗ ಗಾಯದ ನೀರು ಬಂದು ಸೇರುವ ಡ್ರೈನ್ ಬಾಟಲಿ ಖಾಲಿ ಮಾಡಿ, ಎಷ್ಟು ಎಂಎಲ್ ಬಂತು ಅಂತ ದಿನಾ ಪುಸ್ತಕದಲ್ಲಿ ಬರೆದಿಟ್ಟವನು ನಾನೇ. ಆಗ ಎಲ್ಲ ನೋಡೋಕೆ ಬಿಡ್ತಿದ್ದಳು. ಗಾಯ ಮಾಗಿದ ಮೇಲೆ ಈಗ ಚಿಲಕ ಹಾಕಿಕೊಂಡು ಬಟ್ಟೆ ಬದಲಾಯಿಸುತ್ತಾಳೆ. ಹತ್ತಿರ ಹೋದರೆ ಮೈ ಬಿಗಿ ಮಾಡಿಕೊಳ್ಳುತ್ತಾಳೆ. "ನನಗೇನೂ ವ್ಯತ್ಯಾಸ ಇಲ್ಲ ಕಣೇ" ಅಂತ ಹೇಳಿದೆ. ಅದಕ್ಕೆ ಕೋಪ ಮಾಡಿಕೊಂಡು ಎರಡು ದಿನ ಮಾತಾಡಲಿಲ್ಲ. ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು?

ಬೇವಿನಮರ (ತುಮಕೂರು)

ನಿಮ್ಮ ಪ್ರಶ್ನೆಗೆ ನಾನೇ ಉತ್ತರ ಕೊಡ್ತೇನೆ, ಯಾಕಂದರೆ ನಮ್ಮನೆಯಲ್ಲೂ ಅದೇ ಮಾತು ಬಂದಿತ್ತು. ನಿಮಗೆ ವ್ಯತ್ಯಾಸ ಇಲ್ಲದೆ ಇರಬಹುದು. ಅವರಿಗೆ ಇದೆ. ಅವರು ಇಷ್ಟು ದೊಡ್ಡದು ಹೋಯ್ತು ಅಂತ ಸಂಕಟಪಡುವಾಗ ನೀವು ಏನೂ ಹೋಗಿಲ್ಲ ಅಂದರೆ, ಆ ಸಂಕಟದಲ್ಲಿ ಅವರು ಒಬ್ಬರೇ ಆಗಿಬಿಡುತ್ತಾರೆ. "ನನಗೂ ಬೇಜಾರಿದೆ, ಆದರೆ ನೀನು ಬೇಕು" ಅಂದಿದ್ದರೆ ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಕೋಪ ಬರುತ್ತಿರಲಿಲ್ಲ.

ಇನ್ನೊಂದು. ಡ್ರೈನ್ ಖಾಲಿ ಮಾಡುವಾಗ ನೀವು ನೋಡಿದ್ದು ಗಾಯ. ಈಗ ನೋಡೋದು ಅವರನ್ನ. ಅದಕ್ಕೇ ಚಿಲಕ.

ಬಂಗಾರಪೇಟೆ ಅಕ್ಕ

ಟೀಚರ್ ಸರಿಯಾಗಿ ಹೇಳಿದಳು.

ತಮ್ಮಾ, ಅವಸರ ಮಾಡಬೇಡ. ಕೈ ಹಿಡ್ಕೊಂಡು ಕೂತ್ಕೋ, ತಲೆಗೆ ಎಣ್ಣೆ ಹಚ್ಚು, ಕಾಲು ಒತ್ತು. ಮುಟ್ಟಿದ್ದೆಲ್ಲ ಅಲ್ಲಿಗೇ ಹೋಗಿ ಮುಟ್ಟಬೇಕು ಅಂತಿಲ್ಲ ಅಂತ ಅವಳಿಗೆ ನಂಬಿಕೆ ಬರಬೇಕು. ನಮ್ಮನೆಯವರು ಬಹಳ ದಿನ ಆದ ಮೇಲೆ ಒಂದು ದಿನ ಕೇಳಿದರು, "ನೋಡಲಾ?" ಅಂತ. ಕೇಳಿದ್ದೇ ನನಗೆ ಇಷ್ಟವಾಯ್ತು. ಬೇಡ ಅಂದೆ. ಸರಿ ಅಂದರು. ಮುಂದೆ ಯಾವಾಗಲೋ ನಾನೇ ತೋರಿಸಿದೆ.

ವಾರ್ಡ್ ಸಿಸ್ಟರ್ (ಕೋಲಾರ)

ಏಕಶಿಲೆ ಅವರೇ, ಮೈಯ ಕಾರಣವೂ ಇರುತ್ತೆ. ಕೀಮೋ, ಹಾರ್ಮೋನ್ ಮಾತ್ರೆಗಳಿಂದ ಒಳಗೆ ಒಣಗಿ ನೋವಾಗುತ್ತೆ. ಹೆಂಗಸರು ನಾಚಿಕೆಗೆ ಹೇಳಲ್ಲ, ಅವಳಿಗೇ ಮನಸ್ಸಿಲ್ಲ ಅಂತ ಗಂಡನಿಗೆ ಅನ್ನಿಸುತ್ತೆ. ಹಾರ್ಮೋನ್ ಇಲ್ಲದ, ನೀರಿನಂಶದ ಜೆಲ್ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತೆ. ಈಸ್ಟ್ರೋಜನ್ ಇರುವ ಕ್ರೀಮನ್ನು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬಾರದು. ಟಾಮಾಕ್ಸಿಫೆನ್ ತಗೊಳ್ಳುವಾಗ ಗರ್ಭ ನಿಲ್ಲಬಾರದು, ಮುಟ್ಟು ನಿಂತಂತೆ ಕಂಡರೂ ಗರ್ಭ ನಿಲ್ಲುವ ಸಾಧ್ಯತೆ ಇದೆ. ಗರ್ಭನಿರೋಧಕ ಗುಳಿಗೆ ಬೇಡ. ಕಾಂಡೋಮ್ ಅಥವಾ ಕಾಪರ್ ಟಿ. ಕಾಂಡೋಮ್ ಬಳಸುವಾಗ ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಹರಿಯುತ್ತೆ.

ಮತ್ತೆ, ಕಾಯಿಲೆ ಮುಟ್ಟಿದರೆ ಅಂಟಲ್ಲ. ಇದನ್ನು ಇವತ್ತಿಗೂ ಹೇಳಬೇಕಾಗಿದೆ.

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರೂ ಎದೆ ಬಗ್ಗೆ ಬರೀತಿದ್ದೀರಿ. ನನ್ನ ಕಷ್ಟ ಕೈದು. ಎದೆಯನ್ನು ಸೆರಗಲ್ಲಿ ಮುಚ್ಚಬಹುದು. ಊದಿದ ಕೈಯನ್ನು ಎಲ್ಲಿ ಮುಚ್ಚಲಿ?

ನಾನು ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿದ್ದವಳು. ಬಿಸಿನೀರಲ್ಲಿ ಗೂಡು, ಅದರಿಂದ ಎಳೆ ಹಿಡಿಯಬೇಕು. ಬೆರಳ ಸಂದಿಯ ಚರ್ಮ ಯಾವಾಗಲೂ ಬೆಂದು ಬಿಳಿಚಿಕೊಂಡು ಒಡೆದಿರುತ್ತೆ. ಆಪರೇಷನ್ ಆಗಿ ಒಂದು ವರ್ಷ ಏನೂ ಇರಲಿಲ್ಲ. ಆಮೇಲೆ ಬಲಗೈ ಸಂಜೆ ಹೊತ್ತಿಗೆ ಭಾರ. ಬ್ಲೌಸ್ ತೋಳಿನ ಗುರುತು ಗೆರೆ ಹಾಕಿದಂತೆ ಉಳಿಯುತ್ತಿತ್ತು. ಒಂದು ಸಲ ಬೆರಳ ಬಿರುಕಿನಿಂದ ಸೋಂಕು ಹತ್ತಿ ಕೈಯೆಲ್ಲ ಕೆಂಪಾಗಿ ಚಳಿಜ್ವರ ಬಂತು. ಈಗ ಬಿಸಿನೀರಿನ ಕೆಲಸ ಬಿಟ್ಟಿದ್ದೇನೆ. ಕೂಲಿ ಕಡಿಮೆ.

ಊತ ಹೆಚ್ಚಾಗದಿರಲಿ ಅಂತ ಕೈಗೆ ಹಾಕುವ ಬಿಗಿ ತೋಳುಚೀಲ ಕೊಟ್ಟಿದ್ದಾರೆ. ಅದರ ಬಣ್ಣ ಯಾರ ಮೈಬಣ್ಣಕ್ಕೆ ಅಂತ ಮಾಡಿದ್ದಾರೋ, ನಮಗಂತೂ ಅಲ್ಲ. ದೂರದಿಂದಲೇ ಪ್ಲಾಸ್ಟರ್ ಹಾಕಿದಂತೆ ಕಾಣುತ್ತೆ. ಕಂಡವರೆಲ್ಲ ಏನಾಯ್ತು ಅಂತಾರೆ. ಬಿದ್ದೆ ಅಂತೇನೆ.

ಹೋದ ಶ್ರಾವಣದಲ್ಲಿ ಸೀಮಂತಕ್ಕೆ ಕರೆದಿದ್ದರು. ಬಳೆ ತೊಡಿಸುವವರು ಎಡಗೈಗೆ ಎರಡು ಆರು ಸೈಜಿನ ಬಳೆ ಸರಾಗ ಹಾಕಿದರು. ಬಲಗೈಗೆ ಎರಡು ಎಂಟೂ ಹತ್ತಲಿಲ್ಲ. ಸೋಪು ಹಚ್ಚಿ ಒತ್ತಿದರು. ಎಲ್ಲರೂ ಸುತ್ತ ನಿಂತು ನೋಡ್ತಿದ್ದಾರೆ. ಬೇಡ ಅಂದರೆ ಅಪಶಕುನ ಅಂತಾರೆ. ಕೊನೆಗೆ ಗಾಜು ಒಡೆದು ಮಣಿಕಟ್ಟಿನಲ್ಲಿ ಗೀರಿತು. ಅವತ್ತಿನಿಂದ ಯಾವ ಶುಭಕಾರ್ಯಕ್ಕೂ ಹೋಗಿಲ್ಲ.

ಬಂಗಾರಪೇಟೆ ಅಕ್ಕ

ಅಯ್ಯೋ ತಾಯಿ. ಮುಂದಿನ ಸಲ ಒಂದೇ ಕೈ ಚಾಚು. "ಈ ಕೈಗೆ ಡಾಕ್ಟರ್ ಬೇಡ ಅಂದಿದ್ದಾರೆ, ಎರಡೂ ಕೈದನ್ನು ಇದಕ್ಕೇ ಹಾಕಿ" ಅನ್ನು. ನಾನು ಹಾಗೇ ಮಾಡೋದು. ದೇವರು ಎಣಿಸಿ ನೋಡಲ್ಲ.

ವಾರ್ಡ್ ಸಿಸ್ಟರ್ (ಕೋಲಾರ)

ರೇಷ್ಮೆಗೂಡು ಅವರೇ, ಬಗಲ ಗಂಟು ತೆಗೆದವರಿಗೆ ಈ ಊತ ವರ್ಷಗಳು ಕಳೆದ ಮೇಲೂ ಬರಬಹುದು. ದ್ರವ ಹರಿದು ಹೋಗುವ ದಾರಿ ಕಡಿಮೆಯಾಗಿರುತ್ತೆ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು. ಬೆರಳಿಗೆ ದಿನಾ ಎಣ್ಣೆಯೋ ಕ್ರೀಮೋ ಹಚ್ಚಿ, ಚರ್ಮ ಒಡೆಯದ ಹಾಗೆ ನೋಡಿಕೊಳ್ಳಿ. ಊತ ಜಾಸ್ತಿ ಇದ್ದರೆ ಫಿಸಿಯೋಥೆರಪಿಯವರು ಪಟ್ಟಿ ಸುತ್ತಿ, ನೀವಿ, ವ್ಯಾಯಾಮ ಹೇಳಿಕೊಟ್ಟು ಇಳಿಸುತ್ತಾರೆ. ತೋಳುಚೀಲ ಆಮೇಲೆ. ಅಳತೆ ಸರಿಯಿಲ್ಲದ ಚೀಲ ಹಾಕಿದರೆ ಬೆರಳು ಊದುತ್ತೆ.

"ಆ ಕೈಯಲ್ಲಿ ಏನೂ ಎತ್ತಬೇಡಿ" ಅಂತ ಹೆದರಿಸಿ, ಕೈಯನ್ನೇ ಬಳಸದೆ ಬಿಗಿ ಹಿಡಿದವರನ್ನು ಬಹಳ ನೋಡಿದ್ದೇನೆ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಕೈ ಊದಿದ ಹೆಂಗಸರಿಗೇ ನಿಧಾನವಾಗಿ ತೂಕ ಎತ್ತಿಸಿ ನೋಡಿದರು. ಊತ ಹೆಚ್ಚಾಗಲಿಲ್ಲ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ತರಬೇತಿ ಇದ್ದವರು ಹೇಳಿಕೊಡಬೇಕು, ಅಷ್ಟೇ. ಒಂದೇ ಸಲಕ್ಕೆ ಟೊಮೆಟೊ ಕ್ರೇಟ್ ಎತ್ತಿ ಅಂತ ಅರ್ಥ ಅಲ್ಲ!

ನೇರಳೆ (ಚಿಂತಾಮಣಿ)

ನನಗೆ 24. ಕಾಯಿಲೆ ಅಮ್ಮನಿಗೆ. ನನಗೆ ಗಂಡು ನೋಡ್ತಿದ್ದಾರೆ. ಅಮ್ಮನ ವಿಷಯ ಹೊರಗೆ ಗೊತ್ತಾದರೆ ಸಂಬಂಧ ತಪ್ಪುತ್ತೆ ಅಂತ ಮನೆಯಲ್ಲಿ ಯಾರೂ ಬಾಯಿಬಿಡಲ್ಲ. ಗಂಡಿನ ಕಡೆಯವರು ಬಂದ ದಿನ ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಕಾಫಿ ಲೋಟ ನನ್ನ ಕೈಗೆ ಕೊಡುವಾಗ "ನನ್ನಿಂದ ನಿನಗೆ ಹೀಗಾಯ್ತಲ್ಲ" ಅಂದರು. ನನಗೆ ಮದುವೆಯೇ ಬೇಡ ಅನ್ನಿಸ್ತಿದೆ.

ವಾರ್ಡ್ ಸಿಸ್ಟರ್ (ಕೋಲಾರ)

ಕಂದಾ, ಸ್ತನ ಕ್ಯಾನ್ಸರ್‌ನಲ್ಲಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ಅಮ್ಮನಿಗೆ ಬಹಳ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಮನೆತನದಲ್ಲಿ ಇನ್ನೂ ಕೆಲವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಜೀನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಪರೀಕ್ಷೆಯನ್ನು ಮೊದಲು ಅಮ್ಮನಿಗೆ ಮಾಡುತ್ತಾರೆ. ಯಾವ ವಯಸ್ಸಿನಿಂದ ತಪಾಸಣೆ ಬೇಕು ಅಂತ ನಿನಗೂ ಹೇಳುತ್ತಾರೆ.

ಬಯಲುಗಾಳಿ (ಪಾವಗಡ)

ಮುಚ್ಚಿಟ್ಟು ಮದುವೆ ಮಾಡಿದರೆ ಜೀವನಪೂರ್ತಿ ನಿಮ್ಮಮ್ಮ ಅಡುಗೆಮನೆಯಲ್ಲೇ ಇರಬೇಕಾಗುತ್ತೆ. ಹೇಳಿಬಿಡಿ. ಹೋಗುವವರು ಹೋಗಲಿ.

ಬಂಗಾರಪೇಟೆ ಅಕ್ಕ

ಹೇಳೋದು ಸುಲಭ ಬಯಲುಗಾಳಿ, ಹೆಣ್ಣು ಹೆತ್ತವರ ಮನೆಯಲ್ಲಿ ಅಷ್ಟು ಸುಲಭ ಅಲ್ಲ. ಮೊದಲ ದಿನವೇ ಎಲ್ಲರ ಮುಂದೆ ಬೇಡ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ ಮೇಲೆ, ಮಾತು ಮುಂದೆ ಹೋಗುವ ಮುಂಚೆ, ನೇರಳೆಯೇ ಹುಡುಗನಿಗೆ ಹೇಳಲಿ. ನನ್ನ ಮಗಳು ಹಾಗೇ ಮಾಡಿದಳು. ಒಂದು ಸಂಬಂಧ ತಪ್ಪಿತು, ನಿಜ. ಎರಡನೆಯವರು ನಮ್ಮಮ್ಮನಿಗೂ ಇತ್ತು ಅಂದರು.

ಕಲ್ಲಂಗಡಿ (ಶಿರಾ)

ಹೊಸದಾಗಿ ಸ್ತನ ಕಟ್ಟುವ ಆಪರೇಷನ್ ಇದೆಯಂತಲ್ಲ? ಅದರ ಬಗ್ಗೆ ಯಾರೂ ಬರೆದಿಲ್ಲ.

ವಾರ್ಡ್ ಸಿಸ್ಟರ್ (ಕೋಲಾರ)

ಇದೆ. ಹೊಟ್ಟೆ ಅಥವಾ ಬೆನ್ನಿನ ಮಾಂಸ ತಂದು ಕಟ್ಟುತ್ತಾರೆ, ಇಲ್ಲವೇ ಸಿಲಿಕಾನ್ ಇಡುತ್ತಾರೆ. ಸ್ತನ ತೆಗೆದ ದಿನವೇ ಮಾಡಬಹುದು, ವರ್ಷಗಳ ನಂತರವೂ ಮಾಡಬಹುದು. ರೇಡಿಯೇಷನ್ ಆಗಿದ್ದರೆ ಸ್ವಲ್ಪ ತೊಡಕು ಜಾಸ್ತಿ. ಸ್ಪರ್ಶ ಮೊದಲಿನ ಹಾಗೆ ಇರಲ್ಲ, ಇದನ್ನು ಮುಂಚೆಯೇ ತಿಳಿದಿರಬೇಕು.

ಇನ್ನೂ ಆಪರೇಷನ್ ಆಗದವರು ಓದುತ್ತಿದ್ದರೆ ಒಂದು ಮಾತು. ಗಡ್ಡೆ ಚಿಕ್ಕದಿದ್ದಾಗ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಡುವುದು, ಪೂರ್ತಿ ಸ್ತನ ತೆಗೆಯುವುದು, ಎರಡರಲ್ಲೂ ಬದುಕುಳಿಯುವ ಪ್ರಮಾಣ ಒಂದೇ. ಅಮೆರಿಕ ಮತ್ತು ಇಟಲಿಯಲ್ಲಿ 20 ವರ್ಷ ಹಿಂಬಾಲಿಸಿ ನೋಡಿದ ಫಲಿತಾಂಶ 2002ರಲ್ಲೇ ಬಂದಿದೆ. ಎಲ್ಲರಿಗೂ ಹೊಂದಲ್ಲ. ಆದರೆ "ನನಗೆ ಸ್ತನ ಉಳಿಸೋಕೆ ಆಗುತ್ತಾ" ಅಂತ ಕೇಳಿ. ವಯಸ್ಸು 60 ಆಗಿದ್ದರೂ ಕೇಳಿ. ನಮ್ಮ ಊರುಗಳಲ್ಲಿ ಹೆಂಗಸಿನ ಬದಲು ಜೊತೆಗೆ ಬಂದ ಮೈದುನನೋ ಅಳಿಯನೋ "ಪೂರ್ತಿ ತೆಗೆದುಬಿಡಿ ಸಾರ್" ಅಂತ ಉತ್ತರ ಕೊಡೋದನ್ನು ಕಣ್ಣಾರೆ ಕಂಡಿದ್ದೇನೆ.

ಬೇವಿನಮರ (ತುಮಕೂರು)

ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ. ಯಜಮಾನರಿಗೂ ಓದೋಕೆ ಕೊಟ್ಟೆ. ಏಕಶಿಲೆ ಅವರ ಪೋಸ್ಟ್ ಹತ್ತಿರ ಬಹಳ ಹೊತ್ತು ನಿಂತರು, ಏನೂ ಹೇಳಲಿಲ್ಲ.

ನಿದ್ದೆ ವಿಷಯ ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಹೇಳುತ್ತೇನೆ. ಸಿಸ್ಟರ್, ಗಾಯದ ಗೆರೆ ಗಟ್ಟಿಯಾಗಿ ಎಳೆಯುತ್ತೆ. ಮುಟ್ಟಬಹುದಾ? ಸೂಜಿದಾರ ಅವರೇ, ಭಾನುವಾರ ನಿಮ್ಮಲ್ಲಿಗೆ ಬರಬಹುದಾ? ಮದುವೆಗೆ ಒಂದು ಬ್ಲೌಸ್ ಬೇಕು.

ವಾರ್ಡ್ ಸಿಸ್ಟರ್ (ಕೋಲಾರ)

ಗಾಯ ಪೂರ್ತಿ ಮಾಗಿದ್ದರೆ, ರೇಡಿಯೇಷನ್ ಆದ ಚರ್ಮ ಸುಲಿಯುವುದು ನಿಂತಿದ್ದರೆ, ಡಾಕ್ಟರನ್ನು ಒಂದು ಮಾತು ಕೇಳಿ ಕೊಬ್ಬರಿ ಎಣ್ಣೆ ಹಚ್ಚಿ ಎರಡು ಬೆರಳಲ್ಲಿ ಮೆಲ್ಲಗೆ ಸುತ್ತು ಸುತ್ತಾಗಿ ಒತ್ತಿ. ಗೆರೆ ಸಡಿಲವಾಗುತ್ತೆ. ಮೊದಮೊದಲು ಜುಮುಜುಮು ಅನ್ನುತ್ತೆ, ಹೆದರಬೇಡಿ. ಕಣ್ಣು ಮುಚ್ಚಿಕೊಂಡೇ ಶುರು ಮಾಡಿದರೂ ಪರವಾಗಿಲ್ಲ. ಗೋಡೆಗೆ ಬೆರಳಿಟ್ಟು ಮೇಲಕ್ಕೆ ಹತ್ತಿಸುವ ವ್ಯಾಯಾಮ ಬಿಡಬೇಡಿ.

ಸೂಜಿದಾರ (ತಿಪಟೂರು)

ಬನ್ನಿ ಟೀಚರ್, ಮಧ್ಯಾಹ್ನ ಎರಡರ ಮೇಲೆ ಬನ್ನಿ. ಆಗ ಅಂಗಡಿಯಲ್ಲಿ ಬೇರೆ ಯಾರೂ ಇರಲ್ಲ. ಅಳತೆಗೆ ಹಳೆ ಬ್ಲೌಸ್ ತರಬೇಡಿ. ಈಗ ಹಾಕುವ ಬ್ರಾ ತನ್ನಿ, ಜೇಬು ಹೊಲಿದು ಪ್ಯಾಡ್ ಕೂರಿಸಿ ಆಮೇಲೆ ಅಳತೆ ತಗೊಳ್ತೇನೆ. ಸೀರೆಯನ್ನೂ ತನ್ನಿ, ಉಟ್ಟು ಕೈ ಎತ್ತಿ ನೋಡಬೇಕು. ರೇಷ್ಮೆಗೂಡು ಅವರೇ, ಮೈಬಣ್ಣಕ್ಕೆ ಹೊಂದುವ ತೆಳು ಕಾಟನ್‌ನಲ್ಲಿ ತೋಳುಚೀಲದ ಮೇಲೆ ಹಾಕುವ ಕವರ್ ಹೊಲಿದು ಪೋಸ್ಟ್ ಮಾಡ್ತೇನೆ. ಮಣಿಕಟ್ಟು, ಮೊಣಕೈ, ರಟ್ಟೆ, ಮೂರರ ಸುತ್ತಳತೆ ಸಂಜೆ ಹೊತ್ತು ತೆಗೆದು ಕಳಿಸಿ. ಬೆಳಿಗ್ಗೆ ತೆಗೆದರೆ ಬಿಗಿಯಾಗುತ್ತೆ.